ಬಾಗಿಲು ತೆರೆಯುವ ಕೈ ಯಾರದು?

ಓದುಗರ ಪತ್ರ: "ನಾವು ಮೂವರು ಗೆಳೆಯರು ಸೇರಿ ಒಂದು ಹಾರರ್ ಗೇಮ್ ಮಾಡುತ್ತಿದ್ದೇವೆ. ಮಳೆಗಾಲದ ರಾತ್ರಿ, ಶಿರಸಿ ಸೀಮೆಯ ಹಳೆಯ ಮನೆ, ಕರೆಂಟಿಲ್ಲ, ಒಳಗೊಂದು ದೆವ್ವ. ಬಾಗಿಲು ತೆರೆದಾಗೆಲ್ಲ ಅದು ಎದುರಿಗೆ ಹಾರುತ್ತದೆ. ಹಾಸ್ಟೆಲ್‌ನಲ್ಲಿ ಆಡಲು ಕೊಟ್ಟೆವು. ಮೊದಲ ಬಾಗಿಲಿಗೆ ಎಲ್ಲರೂ ಕಿರುಚಿದರು, ಮೂರನೆಯದಕ್ಕೆ ನಗತೊಡಗಿದರು. ದೆವ್ವದ ಮುಖ ಇನ್ನೂ ವಿಕಾರವಾಗಬೇಕೇ? ಸರ್ವೈವಲ್ ಹಾರರ್ ಗೇಮ್ (ಭಯದ ನಡುವೆ ಬದುಕುಳಿಯಬೇಕಾದ ಆಟ) ನಿಜಕ್ಕೂ ಹೆದರಿಸುವುದು ಯಾವುದರಿಂದ? ನಮ್ಮ ಕಡೆಯ ಕಾವಲು ದೈವಗಳಾದ ಚೌಡಿ, ಜಟಕರನ್ನು ಗೇಮಿಗೆ ತರಬಹುದೇ?"
— ವಿದ್ಯಾರ್ಥಿ, ಶಿರಸಿ

ಸಂಪಾದಕರ ಉತ್ತರ:

ದೆವ್ವದ ಮುಖವನ್ನು ಇನ್ನು ಮುಟ್ಟಬೇಡಿ, ಇರುವಷ್ಟೇ ಸಾಕು. ಥಟ್ಟನೆ ಏನೋ ಎದುರಿಗೆ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತದೆ, ಕುತ್ತಿಗೆ ಕುಗ್ಗುತ್ತದೆ, ಭುಜ ಮೇಲೇರುತ್ತದೆ. ಇದಿಷ್ಟನ್ನೂ ಯೋಚನೆ ಶುರುವಾಗುವ ಮೊದಲೇ ಮೈ ಮಾಡಿ ಮುಗಿಸಿರುತ್ತದೆ. ಅದೇ ಸದ್ದು, ಅದೇ ಮುಖ ಮತ್ತೆ ಮತ್ತೆ ಬಂದರೆ ಮೈಗೆ ರೂಢಿಯಾಗಿ ಬೆಚ್ಚುವುದು ಕಡಿಮೆಯಾಗುತ್ತ ಹೋಗುತ್ತದೆ. ನಿಮ್ಮ ಗೆಳೆಯರು ಮೂರನೆಯ ಬಾಗಿಲಿಗೆ ನಕ್ಕದ್ದು ಅದಕ್ಕೇ. ಬಾಗಿಲ ಹಿಂದೆ ಏನಿದೆಯೆಂದು ಅವರಿಗೆ ಗೊತ್ತಾಗಿಹೋಗಿತ್ತು. ಯಾವಾಗ ಬರುತ್ತದೆಂದು ಗೊತ್ತಿರುವ ನೋವಿಗಿಂತ ಯಾವಾಗ ಬರುತ್ತದೋ ಗೊತ್ತಿಲ್ಲದ ನೋವು ಮನುಷ್ಯನನ್ನು ಹೆಚ್ಚು ಹೊತ್ತು ಆತಂಕದಲ್ಲಿಡುತ್ತದೆ ಎಂಬುದನ್ನು ಮನಶ್ಶಾಸ್ತ್ರದ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ.

ಹಾಗೆಂದು ಅನಿಶ್ಚಿತತೆಯೊಂದೇ ಉತ್ತರವಾಗಲಾರದು. ಅದು ಸಿನಿಮಾದಲ್ಲೂ ಇದೆ, ಅಜ್ಜಿ ಹೇಳುವ ಕಥೆಯಲ್ಲೂ ಇದೆ. ಸಿನಿಮಾದಲ್ಲಿ ನಾಯಕಿ ಅಟ್ಟದ ಮೆಟ್ಟಿಲಿಗೆ ಕಾಲಿಟ್ಟಾಗ ನಾವು ಕುಳಿತಲ್ಲೇ "ಹತ್ತಬೇಡ ಮಾರಾಯ್ತಿ" ಎನ್ನಬಹುದು. ಅವಳು ಹತ್ತಿಯೇ ಹತ್ತುತ್ತಾಳೆ. ಗೇಮಿನಲ್ಲಿ ನಾನು ಹತ್ತದಿದ್ದರೆ ಯಾರೂ ಹತ್ತುವುದಿಲ್ಲ. ಬೆರಳು ಬಟನ್ ಮೇಲಿದೆ, ಮೆಟ್ಟಿಲು ಎದುರಿಗಿದೆ, ಹತ್ತದೆ ವಿಧಿಯಿಲ್ಲ, ಹತ್ತಲು ಮನಸ್ಸಿಲ್ಲ. ಸರ್ವೈವಲ್ ಹಾರರ್‌ನ ಭಯ ಹುಟ್ಟುವುದು ಹೀಗೆ ನಿಂತುಬಿಡುವ ಗಳಿಗೆಯಲ್ಲಿ. ಈ ಜಾತಿಯ ಒಳ್ಳೆಯ ಗೇಮುಗಳನ್ನು ಬಿಚ್ಚಿ ನೋಡಿ. ಅವುಗಳ ನಿಯಮಗಳೆಲ್ಲ ಆ ಗಳಿಗೆಯ ಭಾರ ಹೆಚ್ಚಿಸಲೆಂದೇ ಇರುವುದು ಕಾಣುತ್ತದೆ.

ಸರ್ವೈವಲ್ ಹಾರರ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಕ್ಯಾಪ್‌ಕಾಮ್ ಕಂಪನಿ 1996ರಲ್ಲಿ ತಂದ ರೆಸಿಡೆಂಟ್ ಈವಿಲ್‌ನಿಂದ. ಅದಕ್ಕೂ ಮುಂಚೆ ಅದೇ ಕಂಪನಿಯ ಸ್ವೀಟ್ ಹೋಮ್ (1989) ಇತ್ತು, ಫ್ರಾನ್ಸಿನ ಅಲೋನ್ ಇನ್ ದ ಡಾರ್ಕ್ (1992) ಇತ್ತು. ಶಿಂಜಿ ಮಿಕಾಮಿ ನಿರ್ದೇಶಿಸಿದ ರೆಸಿಡೆಂಟ್ ಈವಿಲ್ ಎಂಬ ಆ ಬಂಗಲೆಯ ಆಟದ ಚಿತ್ರಗಳು ಇಂದಿನ ಕಣ್ಣಿಗೆ ಒರಟು, ಪಾತ್ರಗಳ ಮಾತಂತೂ ಪೇಲವ. ಭಯ ಮಾತ್ರ ಹಾಗೇ ಉಳಿದಿದೆ, ಏಕೆಂದರೆ ಅದು ಕೂತಿರುವುದು ಆಟಗಾರನ ಚೀಲದಲ್ಲಿ. ಇಬ್ಬರು ಮುಖ್ಯ ಪಾತ್ರಗಳಲ್ಲಿ ಕ್ರಿಸ್ ಆಗಿ ಆಡಿದರೆ 6 ವಸ್ತು, ಜಿಲ್ ಆಗಿ ಆಡಿದರೆ 8. ಅದಕ್ಕಿಂತ ಹೆಚ್ಚು ಹೊರುವಂತಿಲ್ಲ. ಬಂದೂಕಿಗೊಂದು ಜಾಗ, ಗುಂಡಿಗೊಂದು, ಗಾಯದ ಮದ್ದಿಗೊಂದು, ಬೀಗದ ಕೈಗೊಂದು. ಆಟ ಸೇವ್ ಮಾಡಬೇಕೆಂದರೆ ಟೈಪ್‌ರೈಟರ್ ಇರುವ ಕೋಣೆಗೇ ಬರಬೇಕು, ಕೈಯಲ್ಲಿ ಇಂಕ್ ರಿಬ್ಬನ್ ಇರಬೇಕು, ಆ ರಿಬ್ಬನ್‌ಗಳೂ ಎಣಿಸಿ ಇಟ್ಟಷ್ಟೇ. ಹೀಗಿರುವಾಗ ಓಣಿಯಲ್ಲಿ ತೂರಾಡುತ್ತ ನಿಂತ ಒಂದೇ ಒಂದು ಜೋಂಬಿಯ (ನಡೆದಾಡುವ ಹೆಣದ) ಎದುರು ಆಟಗಾರ ಲೆಕ್ಕ ಹಾಕುತ್ತಾನೆ. ಗುಂಡು ಖರ್ಚು ಮಾಡಲೇ? ಪಕ್ಕದಿಂದ ನುಸುಳಲೇ? ವಾಪಸು ಹೋಗಿ ಸೇವ್ ಮಾಡಿಕೊಂಡು ಬರಲೇ?

2002ರಲ್ಲಿ ಅದನ್ನೇ ಹೊಸದಾಗಿ ಕಟ್ಟಿದಾಗ ಈ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದರು. ಕೊಂದ ಜೋಂಬಿಯ ತಲೆ ಹಾರಿಸಬೇಕು, ಇಲ್ಲವೇ ಹೆಣವನ್ನು ಸುಡಬೇಕು. ಎರಡೂ ಮಾಡದಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಅದು ಎದ್ದು, ಮೊದಲಿಗಿಂತ ಜೋರಾಗಿ ಓಡಿ ಬರುತ್ತದೆ. ಸುಡಲು ಸೀಮೆಎಣ್ಣೆ ಬೇಕು, ಎಣ್ಣೆಯ ಡಬ್ಬಿಗೆ ಚೀಲದಲ್ಲಿ ಜಾಗ ಬೇಕು. ಆಮೇಲೆ ನೋಡಿ, ತಾನೇ ಕೊಂದು ಹಾಕಿದ ಹೆಣವನ್ನು ದಾಟುವಾಗಲೆಲ್ಲ ಆಟಗಾರ ಅದರ ಮೇಲೊಂದು ಕಣ್ಣಿಟ್ಟಿರುತ್ತಾನೆ. ಪರದೆಯ ಮೇಲೆ ಏನೂ ಆಗುತ್ತಿಲ್ಲ. ಅವತ್ತು ಎಣ್ಣೆ ಉಳಿಸಿದ ತೀರ್ಮಾನ ಮಾತ್ರ ಅಲ್ಲಿ ಬಿದ್ದುಕೊಂಡಿದೆ. ಗೇಮ್ ವಿನ್ಯಾಸದಲ್ಲಿ ಇದಕ್ಕಿಂತ ಚೆಂದದ ಭಯವನ್ನು ನಾನು ಹೆಚ್ಚು ಕಂಡಿಲ್ಲ.

ಇದನ್ನು ಓದಿ, ಗುಂಡು ಕಡಿಮೆ ಕೊಟ್ಟರಾಯಿತು ಎಂದುಕೊಳ್ಳಬೇಡಿ. ಏನೂ ಇಲ್ಲದವನಿಗೆ ಕಳೆದುಕೊಳ್ಳುವ ಚಿಂತೆಯೂ ಇರುವುದಿಲ್ಲ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್‌ನವರು ಅಮ್ನೀಶಿಯಾದಲ್ಲಿ (2010) ಆಯುಧವನ್ನೇ ತೆಗೆದುಹಾಕಿದರು, ಆದರೆ ಆಯ್ಕೆಯನ್ನು ತೆಗೆಯಲಿಲ್ಲ. ಬೆಳಕು–ಕತ್ತಲೆಗಳ ನಡುವೆ ಇಟ್ಟರು. ಕತ್ತಲಲ್ಲಿ ಅಡಗಿ ಕುಳಿತರೆ ಬುದ್ಧಿ ಕೆಡುತ್ತ ಹೋಗುತ್ತದೆ. ಲಾಟೀನು ಹಚ್ಚಿದರೆ ಎಣ್ಣೆ ತೀರುತ್ತದೆ, ಅಟ್ಟಿಸಿಕೊಂಡು ಬರುವುದರ ಕಣ್ಣಿಗೂ ಬೀಳುತ್ತೀರಿ. ಅದನ್ನು ದಿಟ್ಟಿಸಿ ನೋಡಿದರೂ ಬುದ್ಧಿ ಕೆಡುತ್ತದೆಯಾದ್ದರಿಂದ ಆಟಗಾರ ಗೋಡೆಗೆ ಮುಖ ಮಾಡಿ, ಹೆಜ್ಜೆಸದ್ದು ದೂರವಾಗಲೆಂದು ಕಾಯುತ್ತಾನೆ. ಅದಕ್ಕೆ ಮುಖ ಕೆತ್ತಲು ಕಲಾವಿದರು ಪಟ್ಟ ಶ್ರಮವನ್ನು ಅವನು ನೋಡುವುದೇ ಇಲ್ಲ! ಆ ಗೇಮಿನಿಂದ ನೀವು ಕಲಿಯಬಹುದಾದ ಇನ್ನೊಂದು ಸಂಗತಿ ಬಾಗಿಲು. ಒಂದು ಕ್ಲಿಕ್ಕಿಗೆ ಅದು ತೆರೆಯುವುದಿಲ್ಲ. ಮೌಸ್ ಒತ್ತಿ ಹಿಡಿದು ಕೈಯಾರೆ ಎಳೆಯಬೇಕು. ಬೆರಳಗಲ ಸರಿಸಿ ಸಂದಿಯಲ್ಲಿ ಇಣುಕಬಹುದು, ಗಾಬರಿಯಲ್ಲಿ ದೂಡಬೇಕಾದ್ದನ್ನು ಎಳೆದು ಒದ್ದಾಡಬಹುದು. ನಿಮ್ಮ ಮನೆಯಲ್ಲಿ ಅಗಳಿ ಹಾಕುವ ಹೆಬ್ಬಾಗಿಲಿದೆ, ತಲೆ ಬಗ್ಗಿಸಿ ದಾಟುವ ನಡುಮನೆಯ ಬಾಗಿಲಿದೆ, ಕೊಟ್ಟಿಗೆಯ ದಣಪೆಯಿದೆ. ಒಂದೊಂದನ್ನೂ ಒಂದೊಂದು ಬಗೆಯಲ್ಲಿ ತೆರೆಯುವಂತೆ ಮಾಡಿ.

ಇನ್ನು ದೆವ್ವದ ನಡೆ. ಇಲ್ಲಿ ಶಿರಸಿಯವರಾದ ನಿಮಗೆ ಯಾವ ಪುಸ್ತಕವೂ ಬೇಡ. ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ, ಹೋಳಿಯ ಹೊತ್ತಿನ ರಾತ್ರಿಗಳಲ್ಲಿ ಬೇಡರ ವೇಷ ನೋಡಿಯೇ ಇರುತ್ತೀರಿ. ಬಣ್ಣ ಬಳಿದ ಮುಖ, ದಪ್ಪ ಮೀಸೆ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ–ಗುರಾಣಿ. ಆ ಮುಖದ ಒಳಗಿರುವವನು ನಮ್ಮ ಓಣಿಯ ಹುಡುಗನೆಂದು ಗೊತ್ತಿದ್ದರೂ ಜನ ಚೆದುರಿ ಓಡುತ್ತಾರೆ. ಅವರನ್ನು ಓಡಿಸುವುದು ಹಗ್ಗ. ಬೇಡನಿಗೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದವರು ಈ ಸಲ ಎಷ್ಟು ಸಡಿಲ ಬಿಡುತ್ತಾರೋ ಯಾರಿಗೂ ತಿಳಿಯದು. ಅವನು ನುಗ್ಗುತ್ತಾನೆ, ಇವರು ಎಳೆಯುತ್ತಾರೆ. ಜನ ಧೈರ್ಯ ಮಾಡಿ ಮತ್ತೆ ಹತ್ತಿರ ಬರುತ್ತಾರೆ, ಆಗ ಎರಡು ಮಾರು ಹೆಚ್ಚೇ ಬಿಡುತ್ತಾರೆ. ಹಗ್ಗ ಹಿಡಿದವರು ಬೇಡನನ್ನಷ್ಟೇ ಕಾಯುತ್ತಿರುವುದಿಲ್ಲ, ನೆರೆದ ಜನರನ್ನೂ ಓದುತ್ತಿರುತ್ತಾರೆ.

ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ತಂಡ 2014ರ ಏಲಿಯನ್: ಐಸೋಲೇಷನ್‌ನಲ್ಲಿ ಬರೆದದ್ದು ಇಂಥದೇ ಹಗ್ಗವನ್ನು. ಅಲ್ಲಿ ಆಟದ ಬಹುಪಾಲು ಬೇಟೆಗಿಳಿದಿರುವ ಅನ್ಯಗ್ರಹ ಜೀವಿ ಒಂದೇ. ಅದನ್ನು ನಡೆಸುವ ಬುದ್ಧಿ ಮಾತ್ರ ಎರಡು ಹಂತದ್ದು. ಮೇಲಿನ ಹಂತಕ್ಕೆ ಆಟಗಾರ ಎಲ್ಲಿದ್ದಾನೆಂದು ಯಾವಾಗಲೂ ಗೊತ್ತು. ಅದು ಆಗಾಗ "ಆ ಕಡೆ ಹುಡುಕು" ಎಂಬಷ್ಟು ಸುಳಿವನ್ನು ಕೆಳಗೆ ದಾಟಿಸುತ್ತದೆ. ಕೆಳಗಿನ ಹಂತ, ಅಂದರೆ ಜೀವಿ, ತನ್ನ ಕಣ್ಣು–ಕಿವಿಗಳನ್ನೇ ನಂಬಿ ಹುಡುಕಬೇಕು. ಮೋಸವಿಲ್ಲದ ಹುಡುಕಾಟವಾದ್ದರಿಂದಲೇ ಬಚ್ಚಿಟ್ಟುಕೊಳ್ಳುವುದಕ್ಕೆ ಅರ್ಥ ಬರುತ್ತದೆ. ಇದರ ಜೊತೆಗೆ ಆಟಗಾರನ ಮೇಲೆ ಎಷ್ಟು ಒತ್ತಡ ಬಿದ್ದಿದೆ ಎಂಬುದರ ಲೆಕ್ಕವೂ ನಡೆಯುತ್ತಿರುತ್ತದೆ. ಜೀವಿ ಹತ್ತಿರ ಸುಳಿದಾಡಿದಷ್ಟೂ ಲೆಕ್ಕ ಏರುತ್ತದೆ. ಮಿತಿ ಮುಟ್ಟಿದರೆ ಮೇಲಿನ ಹಂತ ಜೀವಿಯನ್ನು ಗಾಳಿಕೊಳವೆಗಳೊಳಗೆ ಹಿಂದಕ್ಕೆ ಕರೆಸಿಕೊಳ್ಳುತ್ತದೆ. ಹೆದರಿಸುವುದನ್ನು ನಿಲ್ಲಿಸಬೇಕಾದ ಹೊತ್ತು ಅದಕ್ಕೆ ಗೊತ್ತು. ಆಟಗಾರ ಉಸಿರು ಬಿಟ್ಟು, ಸೇವ್ ಮಾಡುವ ಯಂತ್ರಕ್ಕೆ ಕಾರ್ಡ್ ತೂರಿಸಿ ಕೆಲವು ಸೆಕೆಂಡು ಕಾಯಬೇಕು. ಆ ಕೆಲವು ಸೆಕೆಂಡುಗಳಲ್ಲೂ ಅದು ಬಂದು ಕೊಲ್ಲಬಹುದು. ನಿಮ್ಮ ದೆವ್ವಕ್ಕೆ ಇಷ್ಟು ಜಟಿಲವಾದ ಬುದ್ಧಿ ಬರೆಯಬೇಕಿಲ್ಲ. ಅದನ್ನು ಬಾಗಿಲ ಹಿಂದಿನಿಂದ ಎಬ್ಬಿಸಿ, ಮನೆಯೊಳಗೆ ಅದರ ಪಾಡಿಗೆ ಓಡಾಡಲು ಬಿಡಿ; ಬಿಗಿಯುವುದೂ ಸಡಿಲಿಸುವುದೂ ನಿಮ್ಮ ಕೈಯಲ್ಲಿರಲಿ.

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪವನ್ನೂ ಹೇಳಬೇಕು. ಆ ಗೇಮ್ ತೀರಾ ಉದ್ದ. ಒಂದೇ ಜಾಗದಲ್ಲಿ ಸತ್ತು ಸತ್ತು ಏಳುತ್ತಿದ್ದರೆ ಜೀವಿ ಒಂದು ಅಡಚಣೆಯಾಗಿ ಉಳಿಯುತ್ತದೆ, ಭಯ ಹೋಗಿ ಬೇಸರ ಬರುತ್ತದೆ. ಸಾವು ಭಯದ ಶತ್ರು. ಸತ್ತ ಕ್ಷಣಕ್ಕೆ ಆಟಗಾರನಿಗೆ ಎರಡು ಸಂಗತಿ ತಿಳಿದುಹೋಗುತ್ತವೆ: ಅದು ಏನು ಮಾಡುತ್ತದೆ, ಮತ್ತು ಮಾಡಿದ ಮೇಲೆ ಏನಾಗುತ್ತದೆ. ಉತ್ತರ ಬಹುಪಾಲು "ಸ್ವಲ್ಪ ಹಿಂದಿನಿಂದ ಮತ್ತೆ ಶುರು" ಎಂಬುದೇ. ಆದ್ದರಿಂದ ಮೊದಲ ಅರ್ಧ ಗಂಟೆ ನಿಮ್ಮ ಆಟಗಾರ ಸಾಯದಂತೆ ನೋಡಿಕೊಳ್ಳಿ. ಕೂದಲೆಳೆಯಲ್ಲಿ ಪಾರಾಗಲಿ, ಟಾರ್ಚಿನ ಸೆಲ್ ಕಳೆದುಕೊಳ್ಳಲಿ, ಬಂದ ದಾರಿ ಮುಚ್ಚಿಹೋಗಲಿ. ಸಾಯುವುದು ಹೇಗಿರುತ್ತದೆ ಎಂಬುದು ಅವನ ಊಹೆಗೇ ಬಿಟ್ಟಿರಲಿ.

ಸದ್ದಿನ ಬಗ್ಗೆ ನೀವು ಒಂದಕ್ಷರವನ್ನೂ ಬರೆದಿಲ್ಲ, ನನಗೆ ಅಚ್ಚರಿಯಾಯಿತು. ಮಳೆಗಾಲದ ಮಲೆನಾಡಿನ ಮನೆಯನ್ನು ಆರಿಸಿಕೊಂಡು ಮಳೆಯನ್ನು ಬರೀ ಹಿನ್ನೆಲೆಗೆ ಇಡುವುದುಂಟೇ! 1999ರ ಸೈಲೆಂಟ್ ಹಿಲ್ ತಂಡಕ್ಕೆ ಒಂದು ತೊಡಕಿತ್ತು: ಪ್ಲೇಸ್ಟೇಷನ್ ಯಂತ್ರಕ್ಕೆ ಇಡೀ ಊರನ್ನು ದೂರದವರೆಗೆ ಚಿತ್ರಿಸುವ ಶಕ್ತಿ ಇರಲಿಲ್ಲ. ಅವರು ಊರಿಗೆ ಮಂಜು ಕವಿಸಿದರು. ನಾಯಕನ ಕೈಗೊಂದು ರೇಡಿಯೋ ಕೊಟ್ಟರು. ಯಾವುದೋ ವಿಕಾರ ಜೀವಿ ಹತ್ತಿರ ಬಂದರೆ ರೇಡಿಯೋ ಗರಗರ ಎನ್ನುತ್ತದೆ. ಏನೋ ಇದೆ ಎಂದು ತಿಳಿಯುತ್ತದೆ, ಏನು ಎತ್ತ ಎಂದು ತಿಳಿಯುವುದಿಲ್ಲ. ಅರ್ಧ ತಿಳಿವಳಿಕೆ ಪೂರ್ತಿ ಅಜ್ಞಾನಕ್ಕಿಂತ ಹೆಚ್ಚು ಕಾಡುತ್ತದೆ.

ನಿಮಗೆ ಜುಲೈ ತಿಂಗಳ ಮಳೆಯಿದೆ. ಹೆಂಚಿನ ಮೇಲೆ ಅದು ಹೊಡೆಯುವಾಗ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸದು. ಈ ಮಳೆಯನ್ನು ನಿಯಮವಾಗಿಸಿ. ಜೋರು ಮಳೆಯಲ್ಲಿ ಆಟಗಾರನ ಹೆಜ್ಜೆ ದೆವ್ವಕ್ಕೆ ಕೇಳಿಸದು, ದೆವ್ವದ ಹೆಜ್ಜೆ ಆಟಗಾರನಿಗೂ ಕೇಳಿಸದು. ಮಳೆ ಹನಿಕಡಿದರೆ ಇಬ್ಬರಿಗೂ ಎಲ್ಲವೂ ಕೇಳಿಸುತ್ತದೆ: ಮಾಳಿಗೆಯ ಹಲಗೆ ಕಿರುಗುಟ್ಟುವುದು, ಕೊಟ್ಟಿಗೆಯಲ್ಲಿ ದನದ ಕೊರಳ ಗಂಟೆ, ಸೂರಿನ ನೀರು ತೊಟ್ಟಿಕ್ಕುವುದು. ಆಗ ಅಟ್ಟದ ನಡುವೆ ನಿಂತ ಆಟಗಾರ ಮುಂದಿನ ಜೋರು ಮಳೆ ಬರುವವರೆಗೆ ಕಾಯಬೇಕೋ, ಹಲಗೆ ಕಿರುಗುಟ್ಟಿದರೂ ಸೈ ಎಂದು ನಡೆಯಬೇಕೋ ತೀರ್ಮಾನಿಸಲಿ. ಹಿನ್ನೆಲೆ ಸಂಗೀತ ಹಾಕಿದ್ದರೆ ದಯವಿಟ್ಟು ತೆಗೆಯಿರಿ. ಈಗ ಹೆದರು ಎಂದು ಪಿಟೀಲು ಹೇಳಿಬಿಟ್ಟರೆ ಕಿವಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಚೌಡಿ, ಜಟಕರ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ: ಅವರನ್ನು ಅಟ್ಟಿಸಿಕೊಂಡು ಬರುವ ಪಿಶಾಚಿಗಳನ್ನಾಗಿ ಮಾಡಬೇಡಿ. ಘಟ್ಟದ ಮೇಲೂ ಕೆಳಗೂ ಜನ ಇಂದಿಗೂ ತೋಟಕ್ಕೆ, ದನಕರುಗಳಿಗೆ, ದಾರಿಗೆ ಕಾವಲಿರಿ ಎಂದು ಕಾಯಿ ಒಡೆಯುವ ಶಕ್ತಿಗಳವು. ಬಾಯಲ್ಲಿ ರಕ್ತ ಸುರಿಸಿ ತೋರಿಸುವುದು ಆ ನಂಬಿಕೆಗೆ ಮಾಡುವ ಅಪಚಾರ. ಗೇಮಿಗೂ ಅದರಿಂದ ನಷ್ಟವೇ. ಹೆಸರು ಹೇಳಿದ ತಕ್ಷಣ ನಮ್ಮ ಕಡೆಯ ಆಟಗಾರನಿಗೆ ಪರಿಹಾರವೂ ಗೊತ್ತಾಗಿಬಿಡುತ್ತದೆ. ಚೌಡಿಕಟ್ಟೆ ಇರಲಿ, ದೀಪ ಇರಲಿ, ಆದರೆ ಕಾವಲಾಗಿಯೇ ಇರಲಿ. ಮನೆಯವರು ವರ್ಷಕ್ಕೊಮ್ಮೆ ಕೊಡಬೇಕಾದ್ದನ್ನು ಯಾಕೋ ಕೊಡುವುದು ಬಿಟ್ಟಿದ್ದಾರೆ. ಯಾಕೆ ಬಿಟ್ಟರು? ಆ ವರ್ಷ ಈ ಮನೆಯಲ್ಲಿ ಏನಾಯಿತು? ನಿಮ್ಮ ದೆವ್ವ ಆ ಉತ್ತರದಿಂದ ಹುಟ್ಟಿ ಬರಲಿ. 2001ರ ಸೈಲೆಂಟ್ ಹಿಲ್ 2 ಇಂದಿಗೂ ಕಾಡುವುದು ಇಂಥ ಕಾರಣಕ್ಕೆ. ಸತ್ತ ಹೆಂಡತಿಯಿಂದ ಪತ್ರ ಬಂತೆಂದು ಜೇಮ್ಸ್ ಎಂಬವನು ಆ ಊರಿಗೆ ಬರುತ್ತಾನೆ. ಅಲ್ಲಿ ಅವನೆದುರು ಬರುವ ವಿಕಾರಗಳು ಅವನದೇ ಪಾಪಪ್ರಜ್ಞೆ ತಳೆದ ಆಕಾರಗಳು. ಯಾರ ಮೈಯಲ್ಲಿ ಇಷ್ಟು ಹೊತ್ತು ನಡೆದೆ ಎಂದು ಆಟಗಾರನಿಗೆ ತಡವಾಗಿ ತಿಳಿಯುತ್ತದೆ.

ಮೂವರೇ ಇದ್ದೇವೆ, ಹಣವಿಲ್ಲ ಎಂಬ ಅಳುಕು ಬೇಡ. ಡೇವಿಡ್ ಶಿಮಾನ್ಸ್ಕಿ 2022ರಲ್ಲಿ ಮಾಡಿದ ಐರನ್ ಲಂಗ್ ಸುಮಾರು ಒಂದು ಗಂಟೆಯ ಗೇಮ್. ಕಿಟಕಿಯಿಲ್ಲದ ಪುಟ್ಟ ಜಲಾಂತರ್ಗಾಮಿ, ಒಂದು ನಕ್ಷೆ, ಕೆಲವು ಗುಂಡಿಗಳು. ಹೊರಗೇನಿದೆ ಎಂದು ನೋಡಲು ಗುಂಡಿ ಒತ್ತಿ ಮಸುಕಾದ ಸ್ಥಿರಚಿತ್ರ ತೆಗೆಯಬೇಕು, ಬೇರೆ ದಾರಿಯಿಲ್ಲ. ಒತ್ತಲು ಮನಸ್ಸಾಗುವುದಿಲ್ಲ, ಒತ್ತದೆ ಮುಂದೆ ಹೋಗಲಾಗುವುದಿಲ್ಲ. ಇಕ್ಕಟ್ಟು ಎಂದರೇನೆಂದು ಮೈಯಿಂದಲೇ ತಿಳಿಯಬೇಕಿದ್ದರೆ ಕಾರವಾರಕ್ಕೆ ಬಂದಾಗ ಟಾಗೋರ್ ಬೀಚಿನಲ್ಲಿ ವಸ್ತುಸಂಗ್ರಹಾಲಯವಾಗಿರುವ ಚಾಪೆಲ್ ಯುದ್ಧನೌಕೆಯೊಳಗೆ ಒಮ್ಮೆ ನಿಧಾನವಾಗಿ ನಡೆಯಿರಿ. ಎಲ್ಲಿ ಬಗ್ಗಬೇಕಾಯಿತು, ಎಲ್ಲಿ ತಿರುವಿನಾಚೆ ಕಾಣಲಿಲ್ಲ ಎಂದು ಗುರುತು ಮಾಡಿಕೊಂಡು, ಆ ಅಳತೆಗಳನ್ನು ನಿಮ್ಮ ಮಾಳಿಗೆಗೆ ಇಳಿಸಿ.

ಮುಂದಿನ ಸಲ ಹಾಸ್ಟೆಲ್‌ನಲ್ಲಿ ಆಡಿಸುವಾಗ ಒಬ್ಬರಿಗೆ ಮಾತ್ರ ಕೊಡಿ, ಇಯರ್‌ಫೋನ್ ಹಾಕಿಸಿ, ಉಳಿದವರನ್ನು ಕೋಣೆಯಿಂದ ಹೊರಗೆ ಕಳಿಸಿ. ನೀವು ಹಿಂದೆ ಕುಳಿತು ಅವರ ಬೆರಳು ನೋಡಿ. ಕಿರುಚಿದ್ದನ್ನು ಬರೆದುಕೊಳ್ಳಬೇಕಿಲ್ಲ, ಯಾವ ಬಾಗಿಲ ಮುಂದೆ ಎಷ್ಟು ಹೊತ್ತು ಸುಮ್ಮನೆ ನಿಂತರು, ಎಲ್ಲಿಂದ ಹಿಂದೆ ತಿರುಗಿದರು ಎಂಬುದನ್ನು ಬರೆದಿಡಿ. ಯಾರೂ ನಿಲ್ಲದ ಬಾಗಿಲನ್ನು ಮನೆಯಿಂದಲೇ ಕಿತ್ತು ಹಾಕಿ. ಹೊಸ ಆವೃತ್ತಿ ಸಿದ್ಧವಾದಾಗ ನಮಗೂ ಒಂದು ಪ್ರತಿ ಕಳಿಸಿ. ಆಡಿ, ನಾನೆಲ್ಲಿ ನಿಂತೆ ಎಂಬುದನ್ನು ಕೋಣೆ ಕೋಣೆಯಾಗಿ ಬರೆದು ತಿಳಿಸುತ್ತೇನೆ.

— ಸಂಪಾದಕ, ಕಾರವಾರ