ಅಕ್ಕ-ತಂಗಿಯರ ಜಗಳ ಕಾದಂಬರಿಯಲ್ಲಿ ಸೊರಗಿದ್ದೇಕೆ?

ಪ್ರಶ್ನೆ: ಈಚೆಗೆ ಓದಿದ ಕಾದಂಬರಿಯೊಂದರಲ್ಲಿ ಐವತ್ತು ದಾಟಿದ ಅಕ್ಕ-ತಂಗಿಯರು ಅಪ್ಪ ಕಟ್ಟಿಸಿದ ಮನೆಗಾಗಿ ಕಿತ್ತಾಡುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅಕ್ಕ ಖಾಲಿ ಕಾಗದಕ್ಕೆ ತಂಗಿಯ ಸಹಿ ಹಾಕಿಸಿಕೊಂಡು ಮನೆ ತನ್ನದಾಗಿಸಿಕೊಳ್ಳುತ್ತಾಳೆ. ಭಾಷೆ ಸೊಗಸಾಗಿದೆ, ಆದರೂ ಅರ್ಧಕ್ಕೇ ಬೇಸರವಾಯಿತು. ಯಾಕೆ?
– ಓದುಗರು, ಧಾರವಾಡ

ಉತ್ತರ: ಆ ಸಹಿಯಲ್ಲೇ ಕಥೆ ಕುಸಿದಿದೆ. 1908ರ ನೋಂದಣಿ ಕಾಯ್ದೆಯಂತೆ ಮನೆಯ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಲೇಬೇಕು. ಬಿಟ್ಟುಕೊಡುವವಳು, ಇಲ್ಲವೇ ಅವಳಿಂದ ಅಧಿಕಾರ ಪಡೆದವರು, ಸಬ್ ರಿಜಿಸ್ಟ್ರಾರ್ ಮುಂದೆ ಬಂದು ಬರೆದುಕೊಟ್ಟದ್ದು ನಿಜ ಎಂದು ಒಪ್ಪಬೇಕು. ಫೋಟೊ, ಹೆಬ್ಬೆಟ್ಟಿನ ಗುರುತು ಕೊಡಬೇಕು. ಮನೆ ಅಪ್ಪನ ಸ್ವಯಾರ್ಜಿತವಾಗಿದ್ದು, ಅವರು ಉಯಿಲು ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಬ್ಬರಿಗೂ ಸಮಪಾಲಿದೆ. ಖಾಲಿ ಕಾಗದದಿಂದ ಅದು ಅಳಿಯುವುದಿಲ್ಲ.

ಇದು ಬರೀ ಕಾನೂನಿನ ತಪ್ಪಾಗಿದ್ದರೆ ಕ್ಷಮಿಸಬಹುದಿತ್ತು. ಮೋಸ ಮಾಡಿದ ಕ್ಷಣವೇ ಅಕ್ಕ ಕೆಟ್ಟವಳಾಗಿಬಿಟ್ಟಳು. ಮುಂದಿನ ಪುಟಗಳಲ್ಲಿ ಅವಳಿಗೆ ಶಿಕ್ಷೆ ಯಾವಾಗ ಎಂದು ಕಾಯುವುದಷ್ಟೇ ಓದುಗರಿಗೆ ಉಳಿದ ಕೆಲಸ. ಅಪ್ಪನೇ ಅಕ್ಕನ ಹೆಸರಿಗೆ ಉಯಿಲು ಬರೆದಿದ್ದರೆ? ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಆಗ ತಂಗಿಯ ಸಿಟ್ಟೆಲ್ಲ ಸತ್ತ ಅಪ್ಪನ ಮೇಲೆ, ಆದರೆ ಎದುರಿಗೆ ಸಿಗುವವಳು ಅಕ್ಕ. ಅಪ್ಪ ಹಾಸಿಗೆ ಹಿಡಿದಾಗ ಉಣಿಸಿದ್ದು ಯಾರು, ಯಾರ ಮದುವೆಗಾಗಿ ಯಾರ ಓದು ನಿಂತಿತು, ಅಮ್ಮನ ಅವಲಕ್ಕಿ ಸರ ಯಾರ ಪಾಲಾಯಿತು – ಇವೆಲ್ಲ ಒಂದೊಂದಾಗಿ ಹೊರಬರುತ್ತವೆ. ಇಬ್ಬರ ಲೆಕ್ಕವೂ ಸರಿಯೇ ಅನ್ನಿಸಬೇಕು. ಈ ಬಗೆಯ ಕಾದಂಬರಿಯ ಜೀವ ಇರುವುದೇ ಅಲ್ಲಿ.

ಪ್ರಶ್ನೆ: ಇಂಥದೇ ವಸ್ತುವಿನ ಕಾದಂಬರಿ ಬರೆಯುತ್ತಿದ್ದೇನೆ. ಕರಡನ್ನು ತಿದ್ದುವುದು ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ಮುಖ್ಯ ಜಗಳದ ಸನ್ನಿವೇಶವನ್ನು, ಅಪ್ಪನ ತಿಥಿಯ ದಿನದ್ದೇ ಇರಲಿ, ಎರಡನೆಯವಳ ಕಣ್ಣಿನಿಂದ ಮತ್ತೊಮ್ಮೆ ಬರೆಯಿರಿ. ಅಚ್ಚಿಗಲ್ಲ, ನಿಮಗಾಗಿ. ಹೊಸದೇನೂ ಸಿಗದಿದ್ದರೆ ಅವಳಿನ್ನೂ ಪಾತ್ರವಾಗಿಲ್ಲ.

ಆಮೇಲೆ ಮಾತುಗಳನ್ನು ನೋಡಿ. “ನಿನ್ನ ಮದುವೆಗೆ ಅಪ್ಪ ಸಾಲ ಮಾಡಿದ್ದು ನಿನಗೆ ಗೊತ್ತೇ ಇದೆಯಲ್ಲ” ಎಂದು ಯಾವ ಅಕ್ಕನೂ ತಂಗಿಗೆ ವಿವರಿಸುವುದಿಲ್ಲ. ಅದು ಓದುಗರಿಗೆ ಹೇಳಿದ ಮಾತು. “ಸಾಲ ತೀರಿಸಿದ್ದು ಯಾರು?” ಅಂದರೆ ಸಾಕು. ಆಸ್ಪತ್ರೆಯ ಮಂಚದ ಪಕ್ಕ ಇಬ್ಬರೂ ಅತ್ತು ಒಂದಾಗುವ ಕೊನೆ ಇಟ್ಟಿದ್ದರೆ ತೆಗೆದುಹಾಕಿ. ಕಾಯಿಲೆ ಬಂದು ಜಗಳ ಬಿಡಿಸಿದರೆ, ಪಾತ್ರಗಳು ತಾವಾಗಿ ಏನನ್ನೂ ನಿರ್ಧರಿಸಿದಂತಾಗುವುದಿಲ್ಲ.