ಗೆರೆ ಸರಿದರೆ ರೋಗಿಯಾಗುತ್ತೇವೆಯೇ?

ಆತ್ಮೀಯ ಓದುಗರೆ,

"ಹತ್ತು ವರ್ಷದಿಂದ ನನ್ನ ಬಿಪಿ 134/84ರ ಆಸುಪಾಸಿನಲ್ಲೇ ಇದೆ. ಹಿಂದಿನ ಡಾಕ್ಟರು ಚೆನ್ನಾಗಿದೆ ಅಂದಿದ್ದರು, ಹೊಸಬರು ಬಿಪಿ ಕಾಯಿಲೆ ಅಂದರು. ಹಾಗಾದರೆ ಕಾಯಿಲೆ ಇರುವುದು ಮೈಯಲ್ಲೋ, ವೈದ್ಯರ ಮಾತಿನಲ್ಲೋ?" ಎಂದು ಕೇಳಿದ್ದೀರಿ. ಈ ಸಲ ಬಂದ ಪತ್ರಗಳಲ್ಲಿ ನಾನು ಮತ್ತೆ ಮತ್ತೆ ತೆಗೆದು ಓದಿದ್ದು ನಿಮ್ಮದನ್ನೇ.

ಬದಲಾದದ್ದು ಗೆರೆ. 2017ರಲ್ಲಿ ಅಮೆರಿಕದ ಹೃದ್ರೋಗ ತಜ್ಞರು ಅಧಿಕ ರಕ್ತದೊತ್ತಡದ ಮಿತಿಯನ್ನು 140/90ರಿಂದ 130/80ಕ್ಕೆ ಇಳಿಸಿದರು. ಅಲ್ಲಿನ ವಯಸ್ಕರಲ್ಲಿ ಸುಮಾರು ಶೇ. 32ರಷ್ಟಿದ್ದ ರೋಗಿಗಳು ಹೊಸ ಲೆಕ್ಕದಲ್ಲಿ ಶೇ. 46ರಷ್ಟಾದರು. ಯುರೋಪಿನವರು ಹಳೆಯ ಮಿತಿಯನ್ನೇ ಉಳಿಸಿಕೊಂಡರು. ಹಾಗೆಂದು ಇದು ಬರೀ ಕಟ್ಟುಕತೆಯಲ್ಲ. ಮೇಲಿನ ಒತ್ತಡ, ಅಂದರೆ ಬಿಪಿಯ ಮೊದಲ ಅಂಕಿ, 115ರ ಹತ್ತಿರ ಇರುವಾಗಿನಿಂದಲೇ ಪಾರ್ಶ್ವವಾಯು, ಹೃದಯಾಘಾತದ ಅಪಾಯ ಮೆಲ್ಲಗೆ ಏರುತ್ತಾ ಹೋಗುತ್ತದೆ. ಆ ಏರು ನಿಜ, ಆದರೆ ಅದರಲ್ಲಿ ಮೆಟ್ಟಿಲಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆದವರು ಮನುಷ್ಯರು.

ಅಂಗಾಂಗಗಳ ಕೆಲಸ ಜೀವಜಾತಿಗೆ ಸಹಜವಾದ ಮಟ್ಟಕ್ಕಿಂತ ಕುಗ್ಗಿದರೆ ರೋಗ, ನಮ್ಮ ಇಷ್ಟಾನಿಷ್ಟ ಅದಕ್ಕೆ ಬೇಕಿಲ್ಲ ಎಂದು 1977ರಲ್ಲಿ ತತ್ತ್ವಜ್ಞಾನಿ ಕ್ರಿಸ್ಟೊಫರ್ ಬೋರ್ಸ್ ವಾದಿಸಿದರು. ಮುರಿದ ಮೂಳೆಗೆ ಈ ಮಾತು ಒಪ್ಪುತ್ತದೆ. ಎಷ್ಟು ಕುಗ್ಗಿದರೆ ರೋಗ ಎಂಬುದನ್ನು ಮಾತ್ರ ಮೈ ತಾನಾಗಿ ಹೇಳುವುದಿಲ್ಲ. ಅಲ್ಲಿ ನಮ್ಮ ಮೌಲ್ಯಗಳು ನುಸುಳುತ್ತವೆ, ಕೆಲವೊಮ್ಮೆ ಕ್ರೂರವಾಗಿ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಅಮೆರಿಕದ ವೈದ್ಯ, ಗುಲಾಮರು ತಪ್ಪಿಸಿಕೊಂಡು ಓಡುವುದನ್ನೇ ಒಂದು ಮನೋರೋಗವೆಂದು ಬರೆದ. ಹೆಸರು ಕೂಡ ಇಟ್ಟ: ಡ್ರೇಪ್ಟೊಮೇನಿಯಾ. ಸಲಿಂಗಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು 1973ರಲ್ಲಿ. ಅಲ್ಲಿಯವರೆಗೆ ಆರೋಗ್ಯವಂತರೇ ರೋಗಿಗಳೆನಿಸಿಕೊಂಡು ಬದುಕಿದರಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನನ್ನ ಮನಸ್ಸಿಗೆ ಹತ್ತಿರವಾದವರು ಫ್ರೆಂಚ್ ಚಿಂತಕ ಜಾರ್ಜ್ ಕಾಂಗಿಲೆಮ್. ಸರಾಸರಿಗೆ ಸರಿಹೊಂದುವುದಷ್ಟೇ ಆರೋಗ್ಯವಲ್ಲ, ಪರಿಸ್ಥಿತಿ ಬದಲಾದಾಗ ಬದುಕಿಗೆ ಹೊಸ ಕ್ರಮ ಕಟ್ಟಿಕೊಳ್ಳುವ ಕಸುವು ಎಂದರು 1943ರಲ್ಲಿ. ನನ್ನ ತಾಯಿಗೆ ಆಸ್ತಮಾ ಇತ್ತು. ಮಹಡಿ ಹತ್ತುವಾಗ ನಾಲ್ಕನೇ ಮೆಟ್ಟಿಲಿನಲ್ಲಿ ಗೋಡೆಗೆ ಅಂಗೈ ಊರಿ ನಿಲ್ಲುತ್ತಿದ್ದರು, ಉಸಿರು ಹದಕ್ಕೆ ಬಂದ ಮೇಲೆ ಮುಂದಿನ ನಾಲ್ಕು. ತಾನು ರೋಗಿ ಎಂದು ಅವರು ಅಂದದ್ದು ನಾನು ಕೇಳಿಲ್ಲ.

ಇನ್ನು ನಿಮ್ಮ 134. ಮಿತಿ ಇಳಿಸಿದ ತಜ್ಞರೂ ಆಗ 130ರಿಂದ 139ರವರೆಗಿನ ಎಲ್ಲರಿಗೂ ಮಾತ್ರೆ ಹೇಳಿರಲಿಲ್ಲ, ಹೃದಯದ ಅಪಾಯ ಹೆಚ್ಚಿರುವವರಿಗೆ ಮಾತ್ರ ಹೇಳಿದ್ದರು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕಿಟ್ಟು ಇನ್ನೊಮ್ಮೆ ಅಳೆಸಿ. ಮುಂದಿನ ಹತ್ತು ವರ್ಷದಲ್ಲಿ ನನ್ನ ಅಪಾಯವೆಷ್ಟು, ಮಾತ್ರೆ ನುಂಗಿದರೆ ಅದು ಎಷ್ಟು ಇಳಿಯುತ್ತದೆ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಅವರು ಹೇಳಿದ್ದನ್ನು ನಮಗೂ ಬರೆಯಿರಿ.

- ಸಂಪಾದಕ