ಹಳೆಯ ಇಂಗ್ಲಿಷ್ ನಶ್ಯದ ಡಬ್ಬಿ ಅಸಲಿಯೇ ಎಂದು ತಿಳಿಯುವುದು ಹೇಗೆ?

ಬೆಳ್ಳಿಯ ಡಬ್ಬಿಯಾದರೆ ಮೊದಲು ಭೂತಗನ್ನಡಿ ಹಿಡಿದು ಒಳಬದಿಯ ಪುಟ್ಟ ಮುದ್ರೆಗಳನ್ನು ನೋಡಿ. ನಡೆಯುತ್ತಿರುವ ಸಿಂಹವೆಂದರೆ ಶೇ 92.5ರಷ್ಟು ಬೆಳ್ಳಿ, ಲಂಗರು ಎಂದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದದ್ದು, ಒಂಟಿ ಅಕ್ಷರ ವರ್ಷವನ್ನು ಹೇಳುತ್ತದೆ. ರಾಜನದೋ ರಾಣಿಯದೋ ತಲೆಯಿದ್ದರೆ ಅದು ಸುಂಕ ಕಟ್ಟಿದ ಗುರುತು, 1784ರಿಂದ 1890ರ ನಡುವಿನದು. ಮುಚ್ಚಳದ ಮೇಲೆ ಕೋಟೆಯ ಉಬ್ಬುಚಿತ್ರ, ಜೊತೆಗೆ ಬರ್ಮಿಂಗ್‌ಹ್ಯಾಮ್‌ನ ಹೆಸರಾಂತ ಬೆಳ್ಳಿ ಕೆಲಸಗಾರ ನಥಾನಿಯಲ್ ಮಿಲ್ಸ್‌ನ ಮುದ್ರೆ ಇದ್ದರೆ ಬೆಲೆ ಏರುತ್ತದೆ. ನಿಮ್ಮ ಅನುಮಾನವೂ ಅಷ್ಟೇ ಏರಲಿ.

ನನಗಂತೂ ಮುದ್ರೆಗಿಂತ ಕೀಲಿನ ಮೇಲೆ ನಂಬಿಕೆ ಹೆಚ್ಚು. ಪುಡಿ ಸೋರದಂತೆ ಮುಚ್ಚಳ ಬಿಗಿಯಾಗಿ ಕೂರಬೇಕು. ಒಳಗೆ ಚಿನ್ನದ ಲೇಪದ ಜಾಲರಿಯಿದ್ದರೆ ಅದು ನಶ್ಯದ್ದಲ್ಲ, ಸುವಾಸನೆಯ ವಿನೆಗರ್‌ನಲ್ಲಿ ಅದ್ದಿದ ಸ್ಪಂಜನ್ನು ಇಡುತ್ತಿದ್ದ ವಿನೆಗ್ರೆಟ್. ಮನೆಯ ಬೆಳ್ಳಿದೀಪಕ್ಕೆ ಮಾಡುವಂತೆ ವಿಭೂತಿ ಹಾಕಿ ಮಾತ್ರ ತಿಕ್ಕಬೇಡಿ, ಮುದ್ರೆ ಸವೆದುಹೋಗುತ್ತದೆ.